ಶಲ್ಯದ ಗುಡಿ

ಮುತ್ತಲಕೇರಿಯಲ್ಲಿ ಬಸ್ಸಿಳಿದು ಶಲ್ಯದ ಗುಡಿ ಎಲ್ಲಿ ಎಂದು ಕೇಳಿದರೆ ಯಾರಾದರೂ ಕೈ ತೋರಿಸುತ್ತಾರೆ. ಆದರೆ ಅಲ್ಲಿ ದೇವರೂ ಇಲ್ಲ, ಶಲ್ಯವೂ ಇಲ್ಲ. ಹೂವು-ಕಾಯಿ ಹಿಡಿದು ಬಂದವರು ಪೆಚ್ಚಾಗಿ ನಿಂತದ್ದನ್ನು ನೋಡಿ ನಾನೇ ಎಷ್ಟೋ ಸಲ ನಕ್ಕಿದ್ದೇನೆ. ಅಲ್ಲಿರುವುದು ಕಾಂಕ್ರೀಟಿನ ಒಂದು ಮಾಡು. ಎರಡು ಮೂಲೆ ಆಕಾಶಕ್ಕೆದ್ದಿವೆ, ಎರಡು ನೆಲ ಮುಟ್ಟಿವೆ, ನಡುವೆ ಒಂದು ಕಂಬವೂ ಇಲ್ಲ. ಅದರಡಿಯಲ್ಲಿ ದಿನವಿಡೀ ಕೈಮಗ್ಗಗಳ ಸದ್ದು.

ಹಿಂದೆ ಒಮ್ಮೆ, ಈ ಊರಿನ ಹತ್ತಿ ಪೇಟೆ ಜೋರಾಗಿದ್ದ ಕಾಲದಲ್ಲಿ, ಹರಾಜು ನಡೆಸಲೆಂದು ಇದನ್ನು ಕಟ್ಟಿಸಿದರಂತೆ. ದೂರದಿಂದ ಬಂದ ಎಂಜಿನಿಯರು ನಕ್ಷೆ ಹಾಸಿ, ಚಿಪ್ಪಿನಂಥ ತೆಳು ಮಾಡು ಎಂಬ ಅರ್ಥದಲ್ಲಿ, 'ಇದು ಶೆಲ್' ಎಂದದ್ದು ಗೌಂಡಿ ಲಾಡ್ಲೆಸಾಬನ ಕಿವಿಗೆ 'ಶಲ್ಯ' ಎಂದು ಬಿತ್ತು. ಅವನು ಹೆಗಲ ಮೇಲಿನ ಶಲ್ಯ ತೆಗೆದು ನಾಲ್ಕು ಆಳುಗಳ ಕೈಗೆ ಒಂದೊಂದು ಮೂಲೆ ಕೊಟ್ಟ. ಎದುರುಬದುರಿನ ಇಬ್ಬರನ್ನು ಕೂರಿಸಿ, ಇನ್ನಿಬ್ಬರನ್ನು ನಿಲ್ಲಿಸಿ, ಬಿಗಿಯಾಗಿ ಜಗ್ಗಿಸಿ, 'ಹಿಂಗೇನ್ರಿ ಸಾಹೇಬ್ರ?' ಎಂದು ಕೇಳಿದ. ಎಂಜಿನಿಯರು ತಿದ್ದಲು ಹೋಗಲಿಲ್ಲ ಎನ್ನುತ್ತಾರೆ. ತಿದ್ದುವುದಕ್ಕೆ ಏನೂ ಇರಲಿಲ್ಲ. ಕಟ್ಟಿ ಮುಗಿದ ಮೇಲೆ ಲಾಡ್ಲೆಸಾಬನ ಜಂಬ ಹೇಳತೀರದು. ನಾಲ್ಕು ಬೆರಳು ದಪ್ಪದ ಈ ಮಾಡು ಸಾವಿರ ವರ್ಷ ನಿಲ್ಲುತ್ತದೆ ಎಂದು ಕಂಡಕಂಡವರಿಗೆಲ್ಲ ಹೇಳಿಕೊಂಡು ತಿರುಗಿದ.

ಕಾಲಾಂತರದಲ್ಲಿ ಪೇಟೆ ಬೇರೆ ಊರಿಗೆ ಹೋಯಿತು, ಮಾಡು ಖಾಲಿ ಬಿತ್ತು. ಹೊಳೆಯ ಹಿನ್ನೀರು ನೇಕಾರರ ಓಣಿಗೆ ನುಗ್ಗಿ ಕಾಲು ಇಳಿಬಿಟ್ಟು ಕೂತು ನೇಯುವ ಮಗ್ಗದ ಕುಣಿಗಳೆಲ್ಲ ಕೆಸರಾದಾಗಲೂ, ಕಂಬವಿಲ್ಲದ ಆ ಮಾಡಿನಡಿ ಹೋಗಲು ಯಾರಿಗೂ ಧೈರ್ಯ ಬರಲಿಲ್ಲ. ಕೊನೆಗೆ ಪಕ್ಕದ ಗೋದಾಮಿನ ಸಮೇತ ಅದನ್ನು ಕೆಡವಿ ಕಬ್ಬಿಣ ಒಯ್ಯಲು ಗುತ್ತಿಗೆದಾರನೊಬ್ಬ ಬಂದ. ಮುದುಕನಾಗಿದ್ದ ಲಾಡ್ಲೆಸಾಬ ಅನ್ನ ನೀರು ಬಿಟ್ಟು ಕೂತ. ಅವನ ಹೆಂಡತಿ ಮಾಲನಬಿ ನೇಕಾರರ ಮನೆಯ ಮಗಳು. ಅವಳು ಅಳಲಿಲ್ಲ. ಅಂದು ಕಾಂಕ್ರೀಟು ಸುರಿಯುವಾಗ ಕೆಳಗೆ ಆನಿಸಿದ್ದ ಸಾಗುವಾನಿ ಹಲಗೆಗಳು ಹಿತ್ತಿಲಲ್ಲಿ ಬಿದ್ದಿದ್ದವು. ಅವುಗಳಿಂದ ಒಂದು ಮಗ್ಗ ಮಾಡಿಸಿ, ಮಾಡಿನ ನಟ್ಟನಡುವೆ ಕುಣಿ ತೋಡಿಸಿ, ನೇಯಲು ಕೂತುಬಿಟ್ಟಳು.

ಗೋದಾಮಿಗೆ ಮೊದಲ ಏಟು ಬಿದ್ದಾಗ ನೆಲ ನಡುಗಿ, ಮಾಡಿನಿಂದ ದೂಳು ಉದುರಿತು. ಊರೆಲ್ಲ ಹೊರಗೆ ನಿಂತು ನೋಡುತ್ತಿತ್ತು. ಎಲ್ಲರಿಗಿಂತ ಮೊದಲು ಕೂಗಿದವನು ಲಾಡ್ಲೆಸಾಬನೇ.

'ಹೊರಗ ಬಾ, ಮಾಲನ! ಬೀಳತೈತಿ!'

ಅವಳ ಲಾಳಿ ನಿಲ್ಲಲಿಲ್ಲ. 'ಕಟ್ಟಿದ ನಿನಗ ನಂಬಿಕಿ ಇಲ್ಲಂದ್ರ ಇರ್ಲಿ ಬಿಡು,' ಎಂದಳು. 'ನನಗೈತಿ.'

ಲಾಡ್ಲೆಸಾಬನಿಗೆ ನಾಚಿಕೆಯಾಯಿತು. ಒಳಗೆ ಹೋಗಿ ಅವಳ ಪಕ್ಕದಲ್ಲಿ ಕೂತ. ಗೋದಾಮು ಪೂರ್ತಿ ಕುಸಿಯಿತು. ಮಾಡು ಕೂದಲೆಳೆಯಷ್ಟೂ ಬಿರಿಯಲಿಲ್ಲ. ಒಳಗೆ ಜನ ಕೂತಿರುವಾಗ ಕೆಡಹುವಂತಿಲ್ಲವೆಂದು ಗುತ್ತಿಗೆದಾರ ಹೊರಟುಹೋದ. ಅಂದೇ ಸಂಜೆ ನೇಕಾರರು ಒಬ್ಬೊಬ್ಬರಾಗಿ ಬಂದು ಉಳಿದ ಹಲಗೆ ಕೇಳತೊಡಗಿದರು. ಕುಣಿಮಗ್ಗ ತುಳಿಯಲು ಚಪ್ಪಲಿ ಹೊರಗೆ ಬಿಡಬೇಕಲ್ಲ. ಬಾಗಿಲಲ್ಲಿ ಸಾಲು ಚಪ್ಪಲಿ ಕಂಡ ಪರವೂರಿನವರು ಗುಡಿ ಎಂದುಕೊಂಡರು, ಹೆಸರು ನಿಂತುಬಿಟ್ಟಿತು.

ಈಗ ಅಲ್ಲಿ ಮೂವತ್ತಾರು ಮಗ್ಗಗಳಿವೆ. ಹಲಗೆಗಳಿಗೆ ಅಂಟಿದ ಹಳೆಯ ಸಿಮೆಂಟು ಎಷ್ಟು ಉಜ್ಜಿದರೂ ಹೋಗಿಲ್ಲ. ನೋಡಲು ಬಂದವರು ಬಾಗಿಲಲ್ಲೇ ನಿಂತು, ಕತ್ತೆತ್ತಿ, ಇದು ಬೀಳುವುದಿಲ್ಲವೇ ಎಂದು ಕೇಳುತ್ತಾರೆ. ನೇಯುವ ಹೆಂಗಸರು ಸ್ವಲ್ಪ ಸರಿದು, ಪಕ್ಕದಲ್ಲಿ ಜಾಗ ಮಾಡಿ, 'ಬರ್ರಿ, ಕೂಡ್ರಿ' ಎನ್ನುತ್ತಾರೆ.