ಆಮ್ಲಕ್ಕೂ ಹೋಗದ ಕೆಂಪು

ಕೃಷ್ಣಾ ನದಿಯ ದಂಡೆಯ ಮೇಲೊಂದು ಆಶ್ರಮ. ಅದರ ಸಣ್ಣ ಆಸ್ಪತ್ರೆಯ ಲ್ಯಾಬನ್ನು ಗಿರಿಮಲ್ಲಪ್ಪನವರು ನೋಡಿಕೊಳ್ಳುತ್ತಿದ್ದರು. ವೈದ್ಯರಾಗಿದ್ದು ಸನ್ಯಾಸಿಯಾದವರು. ಎಲ್ಲರಿಗೂ ಅವರು ಅಪ್ಪಾವರು.

ದಾಕ್ಷಾಯಣಿ ಅವರ ಶಿಷ್ಯೆ. ರೋಗಾಣುಗಳಿಗೆ ಬಣ್ಣ ಹಾಕಿ ಗುರುತಿಸುವುದನ್ನು ಅವರಿಂದಲೇ ಕಲಿತಿದ್ದಳು. ಅವಳು ಮಲಗುತ್ತಿದ್ದದ್ದು ಆಶ್ರಮದ ಅನಾಥ ಹೆಣ್ಣುಮಕ್ಕಳ ಜೊತೆ. ಎಲ್ಲರಿಗಿಂತ ಚಿಕ್ಕವಳಾದ ನೀಲವ್ವ ಅವಳ ಕುತ್ತಿಗೆ ತಬ್ಬಿಕೊಂಡೇ ನಿದ್ದೆ ಹೋಗುತ್ತಿದ್ದಳು.

ಕೆಲವು ವಾರಗಳಿಂದ ದಾಕ್ಷಾಯಣಿಗೆ ಕೆಮ್ಮು. ಸೆರಗನ್ನು ಬಾಯಿಗೊತ್ತಿ ಯಾರಿಗೂ ಕೇಳದಂತೆ ಕೆಮ್ಮುತ್ತಿದ್ದಳು. ಒಂದು ಬೆಳಗ್ಗೆ ಸೆರಗಿನಲ್ಲಿ ರಕ್ತದ ಎಳೆ ಕಂಡಿತು.

ಅವಳು ಲ್ಯಾಬಿಗೆ ಓಡಿದಳು. ತನ್ನ ಕಫವನ್ನೇ ಗಾಜಿನ ಸ್ಲೈಡಿಗೆ ಸವರಿದಳು. ಕೆಂಪು ಬಣ್ಣ ಸುರಿದು, ಹಬೆಯಾಡುವವರೆಗೆ ಕಾಯಿಸಿದಳು.

ಮುಂದಿನದು ಆಮ್ಲ. ಆಮ್ಲ ಬಿದ್ದರೆ ಮಿಕ್ಕೆಲ್ಲದರ ಕೆಂಪು ತೊಳೆದುಹೋಗುತ್ತದೆ. ಕ್ಷಯದ ರೋಗಾಣು ಮಾತ್ರ ಬಣ್ಣ ಬಿಡುವುದಿಲ್ಲ.

ಅವಳು ಆಮ್ಲ ಸುರಿದಳು. ಮತ್ತೆ ಸುರಿದಳು. ಮತ್ತೂ ಸುರಿದಳು.

"ಎಷ್ಟೊತ್ತು ತೊಳಿತಿ, ಯವ್ವಾ?"

ಅಪ್ಪಾವರು ಬಾಗಿಲಲ್ಲಿ ನಿಂತಿದ್ದರು.

"ಕೆಂಪು ಪೂರಾ ಹೋಗ್ಲಿ ಅಂತ, ಅಪ್ಪಾವರೇ."

"ಹೋಗೂದು ಆಗಲೇ ಹೋತು. ಯಾರ ಕಫ?"

"ರೋಗಿದು."

ಅಪ್ಪಾವರು ಸ್ಲೈಡ್ ತೆಗೆದುಕೊಂಡರು. ನೀರಿನಲ್ಲಿ ತೊಳೆದು, ನೀಲಿ ಬಣ್ಣ ಹಾಕಿ, ಒಣಗಿಸಿ, ಸೂಕ್ಷ್ಮದರ್ಶಕದ ಕೆಳಗಿಟ್ಟರು. ತಾವು ನೋಡಲಿಲ್ಲ. ಸ್ಟೂಲನ್ನು ಅವಳತ್ತ ಸರಿಸಿದರು.

"ನೀವೇ ನೋಡ್ರಿ, ಅಪ್ಪಾವರೇ."

"ಆಕಿ ನಿನ್ನ ಕಡೆ ಬಂದಾಳ. ನನ್ನ ಕಡೆ ಅಲ್ಲ."

'ಆಕಿ' ಎಂದದ್ದು ದಾಕ್ಷಾಯಣಿಗೆ ಕೇಳಿಸಿತು. ರೋಗಿ ಹೆಣ್ಣೆಂದು ಅವಳು ಹೇಳಿರಲೇ ಇಲ್ಲ. ಕಣ್ಣು ಮುಚ್ಚಿಕೊಂಡೇ ಮಸೂರದ ಮೇಲೆ ಬಾಗಿದಳು. ಆಮೇಲೆ ಕಣ್ಣು ತೆರೆದಳು.

ಎಲ್ಲ ನೀಲಿ. ಆ ನೀಲಿಯ ನಡುವೆ ಸಣ್ಣ ಸಣ್ಣ ಕೆಂಪು ಕಡ್ಡಿಗಳು. ಒಂದು ಕಡೆ ಒಂಟಿ, ಇನ್ನೊಂದು ಕಡೆ ಗುಂಪು. ಜಾಗ ಸರಿಸಿದಳು. ಅಲ್ಲಿಯೂ ಇದ್ದವು.

"ಏನದ?"

"ಏನೂ ಇಲ್ರಿ."

ಆಗ ಹೊರಗಿನಿಂದ ಪುಟ್ಟ ಹೆಜ್ಜೆಗಳ ಸದ್ದು. "ಅಕ್ಕಾ!" ನೀಲವ್ವ ಎರಡೂ ಕೈ ಚಾಚಿಕೊಂಡು ಒಳಗೆ ಓಡಿಬಂದಳು.

"ಬರಬ್ಯಾಡ!" ದಾಕ್ಷಾಯಣಿ ಚೀರಿದಳು. ಸ್ಟೂಲು ಉರುಳಿತು. ಅವಳು ಗೋಡೆಗೆ ಬೆನ್ನು ಹಚ್ಚಿ ನಿಂತಿದ್ದಳು. "ನನ್ನ ಹತ್ತರ ಬರಬ್ಯಾಡ!"

ಮಗು ನಿಂತಲ್ಲೇ ನಿಂತಿತು. ತುಟಿ ಅದುರಿತು.

ಅಪ್ಪಾವರು ಮಗುವನ್ನು ಎತ್ತಿಕೊಂಡರು.

"ಏನೂ ಇಲ್ಲಂದ್ರ, ಇಕೀಗ್ಯಾಕ ಬರಬ್ಯಾಡಂತಿ?"

ದಾಕ್ಷಾಯಣಿ ಕುಸಿದು ಕೂತಳು. "ಅದಾವ್ರಿ. ಭಾಳ ಅದಾವ. ನನ್ನವ ಅವು. ಈ ಕೂಸು ದಿನಾ ನನ್ನ ಉಸಿರಿನಾಗ ಮಲಗೇತ್ರಿ, ಅಪ್ಪಾವರೇ."

ಅಪ್ಪಾವರು ಲ್ಯಾಬಿನ ಕಿಟಕಿಗಳನ್ನೆಲ್ಲ ತೆರೆದರು. ಆಮೇಲೆ ಮಗುವನ್ನು ಎತ್ತಿಕೊಂಡೇ ಆಸ್ಪತ್ರೆಯ ವೈದ್ಯರನ್ನು ಕರೆಯಲು ಹೋದರು.

ಅಂದೇ ದಾಕ್ಷಾಯಣಿಗೆ ನದಿಯ ಕಡೆಗಿನ ಬೇರೆ ಕೋಣೆಯಾಯಿತು. ಮಾತ್ರೆ ಶುರುವಾಯಿತು. ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಪರೀಕ್ಷಿಸಿದರು. ಆ ದಿನಗಳಲ್ಲಿ ಯಾವ ಮಗು ಕೆಮ್ಮಿದರೂ ಯಾರೆಂದು ನೋಡಲು ಅವಳು ಕಿಟಕಿಗೆ ಬರುತ್ತಿದ್ದಳು. ತಟ್ಟೆಯ ಊಟ ತಟ್ಟೆಯಲ್ಲೇ ಉಳಿಯುತ್ತಿತ್ತು.

ಕೊನೆಗೆ ಸುದ್ದಿ ಬಂತು. ಯಾರಿಗೂ ರೋಗ ತಗಲಿರಲಿಲ್ಲ. ನೀಲವ್ವ ತೀರ ಚಿಕ್ಕವಳೆಂದು ಅವಳಿಗೆ ಮಾತ್ರ ಮುನ್ನೆಚ್ಚರಿಕೆಯ ಮಾತ್ರೆ ಕೊಟ್ಟರು.

ಸುದ್ದಿ ತಂದ ಅಪ್ಪಾವರು ಕೋಣೆಯ ಹೊರಗೆ ಕಟ್ಟೆಯ ಮೇಲೆ ಕೂತರು. ದಾಕ್ಷಾಯಣಿ ಸ್ವಲ್ಪ ದೂರದಲ್ಲಿ ಕೂತಳು. ನದಿಯಿಂದ ಗಾಳಿ ಬೀಸುತ್ತಿತ್ತು.

"ಅವತ್ತು ನೋಡಬಾರದಿತ್ತು ಅನ್ನಿಸ್ತದ್ರಿ," ಎಂದಳು. "ನೋಡೂತನಕ ಬರೇ ಕೆಮ್ಮಿತ್ತು. ನಾ ನೋಡಿದ್ದಕ್ಕ ಅವು ಬಂದಾವೇನೋ ಅನ್ನೂಹಂಗ ಅಂಜಿಕಿ."

ಅಪ್ಪಾವರು ಅವಳನ್ನೇ ನೋಡಿದರು.

"ನೀ ನೋಡೂಕಿಂತ ಮೊದಲೂ ಅವು ಅಲ್ಲೇ ಇದ್ದವು, ಯವ್ವಾ. ಕಣ್ಣ ಮುಚ್ಚಿಕೊಂಡು ಅಲ್ಲಿ ಇರದ್ಹಂಗ ಇದ್ದಾಕಿ ನೀ ಒಬ್ಬಾಕಿನ."