ಗುಂಡು ಬಿದ್ದ ಹೊತ್ತು

ಗದಗಿನ ಒಂದು ಓಣಿಯಲ್ಲಿ ಚಿದಾನಂದ ಮತ್ತು ಅವನ ಅಕ್ಕ ಇಂದುಮತಿ ಶಾಲೆಗಳ ಪ್ರಯೋಗಾಲಯಕ್ಕೆ ಅಗ್ಗದ ಟೈಮರ್ ಮಾಡುತ್ತಿದ್ದರು. ಮೇಲಿನಿಂದ ಕಬ್ಬಿಣದ ಗುಂಡು ಬಿಟ್ಟರೆ ಅದು ಕೆಳಗೆ ಬೀಳಲು ಹಿಡಿದ ಹೊತ್ತನ್ನು ಆ ಪುಟ್ಟ ಡಬ್ಬಿ ಕೆಂಪು ಅಂಕಿಗಳಲ್ಲಿ ತೋರಿಸುತ್ತಿತ್ತು. ದುಬಾರಿ ಯಂತ್ರ ಕೊಳ್ಳಲಾಗದ ಶಾಲೆಗಳಿಗೆ ವರವೇ ಸರಿ. ಆದರೆ ಕೊಳ್ಳುವವರು ಬೇಕಲ್ಲ! ಒಂದೊಂದು ಸಲಕ್ಕೆ ಕೊನೆಯ ಅಂಕಿ ಒಂದೊಂದು ಥರ ಬರುತ್ತದೆ, ಪುಸ್ತಕದ ಉತ್ತರ ಬರುವುದಿಲ್ಲ ಎಂದು ಹೋದಲ್ಲೆಲ್ಲ ಮೂಗು ಮುರಿದರು. ಇನ್ನೊಂದು ಶಾಲೆ ಬೇಡವೆಂದರೆ ಅಂಗಡಿಗೆ ಬೀಗವೇ ಗತಿ.

ಚಿದಾನಂದನಿಗೆ ಒಂದು ಉಪಾಯ ಹೊಳೆಯಿತು.

"ಅಕ್ಕಾ, ಗುಂಡು ಹೆಂಗರ ಬೀಳ್ಲಿ, ಡಬ್ಬಿ ಪುಸ್ತಕದಾಗಿನ ಉತ್ತರಾನ ತೋರಸೂ ಹಂಗ ಮಾಡೂಣು. ಯಾರಿಗೆ ಗೊತ್ತಾಕ್ಕೈತಿ?"

"ಹಂಗಾದ್ರ ಗುಂಡು ಯಾಕ ಬಿಡಬೇಕೋ ತಮ್ಮಾ? ಪುಸ್ತಕಾ ಓದಿದ್ರ ಮುಗೀತಲ್ಲ!" ಎಂದು ಅಕ್ಕ ಗದರಿದಳು.

ಅಷ್ಟಕ್ಕೇ ಸುಮ್ಮನಾಗುವ ಆಸಾಮಿಯೇ ಅವನು? ಗುಟ್ಟಾಗಿ ಅಂಥದ್ದೊಂದು ಡಬ್ಬಿ ಮಾಡಿ, ಸಾಚಾ ಡಬ್ಬಿಯ ಜೊತೆ ಚೀಲಕ್ಕೆ ಹಾಕಿಕೊಂಡು ಹೊಸ ಶಾಲೆಗೆ ಹೊರಟ.

ವಿಜ್ಞಾನದ ಟೀಚರ್ ಮೇಜು ಖಾಲಿ ಮಾಡಿಕೊಟ್ಟರು. ಚೀಲಕ್ಕೆ ಕೈ ಹಾಕಿದ ಚಿದಾನಂದ ಮೊದಲು ಹಿಡಿದದ್ದು ಕಳ್ಳ ಡಬ್ಬಿಯನ್ನೇ. ಆಸೆಗಣ್ಣಿನಿಂದ ಮುತ್ತಿಕೊಂಡಿದ್ದ ಮಕ್ಕಳನ್ನು ನೋಡಿದ್ದೇ ಅವನಿಗೆ ನಾಚಿಕೆಯಾಯಿತು. ಅದನ್ನು ಒಳಗೇ ಬಿಟ್ಟು ಸಾಚಾ ಡಬ್ಬಿಯನ್ನು ಮೇಜಿನ ಮೇಲಿಟ್ಟ.

ಮಕ್ಕಳು ಸರದಿಯಂತೆ ಗುಂಡು ಬಿಟ್ಟರು. ಕೊನೆಯ ಅಂಕಿ ಎಂದಿನಂತೆ ಅತ್ತಿತ್ತ ಓಲಾಡಿತು. ಟೀಚರ್ ಹುಬ್ಬು ಗಂಟಿಕ್ಕಿದರು. ಅಂಗಡಿ ಮುಚ್ಚಿತೆಂದೇ ಚಿದಾನಂದ ಅಂದುಕೊಂಡ.

ಅಷ್ಟರಲ್ಲಿ ಟೀಚರ್ ಗುಂಡನ್ನು ಅರ್ಧ ಎತ್ತರಕ್ಕೆ ಇಳಿಸಿ, "ಈಗ ಬಿಡ್ರಿ" ಎಂದರು. ಡಬ್ಬಿ ಕಡಿಮೆ ಹೊತ್ತು ತೋರಿಸಿತು. ಅವರ ಮುಖ ಅರಳಿತು.

"ನಿನ್ನೆ ಒಬ್ರು ಟೈಮರ್ ತಂದಿದ್ರು. ಮ್ಯಾಲಿಂದ ಬಿಟ್ರೂ ಪುಸ್ತಕದಾಗಿನ ಉತ್ತರಾನ, ಅರ್ಧದಿಂದ ಬಿಟ್ರೂ ಅದ! ವಾಪಸ್ ಕಳಿಸಿದೆ. ಕೈಲೆ ಬಿಟ್ಟ ಮ್ಯಾಲೆ ಚೂರು ಹೆಚ್ಚುಕಮ್ಮಿ ಆಗೂದ ಅಲ್ರೀ? ಅದನ್ನ ಹುಡುಗರಿಗೆ ಕಲಸಬೇಕು. ನಮಗೂ, ಸುತ್ತಲಿನ ಶಾಲಿಗೋಳಿಗೂ ಸೇರಿಸಿ ಈ ಡಬ್ಬಿ ಕಳಸ್ರಿ."

ಚಿದಾನಂದನಿಗೆ ಹೋದ ಜೀವ ಬಂದಂತಾಯಿತು. ಒಂದು ತಂಬಿಗೆ ನೀರು ಗಟಗಟ ಕುಡಿದು, ಶಾಲೆಯ ಮೆಟ್ಟಿಲ ಮೇಲೆ ಕೂತು, "ಅಬ್ಬಾ, ಬಚಾವಾದೆ!" ಎಂದು ಒಬ್ಬನೇ ನಕ್ಕ.

ನೀತಿ: ಅಳೆಯುವವರು ಕಂಡದ್ದನ್ನೇ ಹೇಳಬೇಕು. ಕೇಳುವವರ ಮೆಚ್ಚುಗೆಗಾಗಿ ತಿದ್ದಿದ ಉತ್ತರ ಒಂದಲ್ಲ ಒಂದು ದಿನ ಸಿಕ್ಕಿಬೀಳುತ್ತದೆ. ಚೂರು ಅತ್ತಿತ್ತಾದರೂ ನಿಜವೇ ನಂಬಿಕೆ ಗಳಿಸುತ್ತದೆ.