ನೀರು ಬೇಡದ ತಿಂಗಳುಗಳು

ಗುರುಗಳ ಮುಂದೆ ಬಾಯಿ ತೆರೆಯುವ ಮೊದಲು ನೀಲಗಂಗೆ ತಾನು ಕೇಳಬೇಕಾದದ್ದನ್ನು ತುಟಿಯೊಳಗೇ ಒಮ್ಮೆ ಹೇಳಿ ನೋಡಿಕೊಳ್ಳುತ್ತಿದ್ದಳು. ಅಷ್ಟರಲ್ಲಿ ಬೇರೆ ಯಾರಾದರೂ ಮಾತು ಶುರುಮಾಡಿಬಿಡುತ್ತಿದ್ದರು. ಆ ದಿನ ಎಲ್ಲರೂ ಎದ್ದುಹೋಗುವವರೆಗೆ ಕಾದು ಕೇಳಿದಳು.

“ಗುರುಗಳೇ, ಮಗುವನ್ನು ಕಳೆದುಕೊಂಡ ಅಕ್ಕ ನನ್ನ ಮನೆಗೆ ಬಂದಿದ್ದಾಳೆ. ಒಂದು ಗಳಿಗೆಯೂ ಅವಳನ್ನು ಒಂಟಿಯಾಗಿ ಬಿಟ್ಟಿಲ್ಲ. ಕೂತರೆ ಪಕ್ಕದಲ್ಲಿ ಕೂರುತ್ತೇನೆ, ಅತ್ತರೆ ಮಾತಿಗೆಳೆಯುತ್ತೇನೆ. ನಿನ್ನೆ ಅವಳು, ‘ಸ್ವಲ್ಪ ದಿನ ನನ್ನ ಪಾಡಿಗೆ ನನ್ನನ್ನು ಬಿಡು, ಇಲ್ಲದಿದ್ದರೆ ಎಲ್ಲಾದರೂ ಹೋಗುತ್ತೇನೆ’ ಎಂದಳು. ನೊಂದವಳನ್ನು ಹಾಗೆ ಬಿಡುವುದು ಸರಿಯೇ?”

ಗುರುಗಳು ಒಂದು ಕತೆ ಹೇಳಿದರು.

ಬಟ್ಟೆ ಹೊಲಿದು ಬದುಕುವ ಒಬ್ಬ ಹೆಂಗಸಿದ್ದಳು. ಅವಳಿಗೆ ತನ್ನವರೆಂಬುವರು ಇರಲಿಲ್ಲ. ಒಂದು ಬೇಸಿಗೆಯಲ್ಲಿ ಗಿಡ ಮಾರುವವನಿಂದ ಮುಷ್ಟಿಯಷ್ಟು ಗಾತ್ರದ ಕಳ್ಳಿಯೊಂದನ್ನು ಕೊಂಡಳು. ಅದರ ನೆತ್ತಿಯ ಮೇಲೆ ಕೆಂಪು ಹೂವೊಂದು ಅರಳಿತ್ತು. ಮಾರುವವನು ಹೇಳಿದ: “ಮರಳುಗಾಡಿನ ಗಿಡ ತಾಯಿ. ಚಳಿಗಾಲ ಪೂರ್ತಿ ನೀರು ತೋರಿಸಬೇಡಿ. ಸುಕ್ಕುಗಟ್ಟುತ್ತದೆ, ಕುಗ್ಗುತ್ತದೆ. ಕುಗ್ಗಲಿ ಬಿಡಿ. ಆಗಲೇ ಅದು ಹೂವಿಗೆ ಸಿದ್ಧವಾಗುವುದು.”

ಹೂ ಬಾಡಿತು. ಅದನ್ನು ಇನ್ನೊಮ್ಮೆ ಕಾಣಬೇಕೆಂಬುದೊಂದೇ ಅವಳ ಆಸೆ. ಸಂಜೆ ಮಿಷನ್ನು ನಿಲ್ಲಿಸಿದ ಮೇಲೆ ಕುಂಡದ ಮುಂದೆ ಕೂರುವಳು. ಯಾರ ರವಿಕೆ ಬಿಗಿಯಾಯಿತು, ಯಾರು ಸಿಡುಕಿದರು, ಎಲ್ಲವನ್ನೂ ಹೇಳಿಕೊಳ್ಳುವಳು. ಮಣ್ಣು ಒಣಗಿದ್ದರೆ ಒಂದಿಷ್ಟು ನೀರು ಹಾಕುವಳು.

ಚಳಿ ಬಂತು. ಕಳ್ಳಿ ಸುಕ್ಕಾಯಿತು. ಅದಕ್ಕೆ ತನ್ನ ಮೇಲೆ ಮುನಿಸು ಎಂದುಕೊಂಡಳು. ಕೆಲವು ದಿನ ತಡೆದುಕೊಂಡಳು. ಆಮೇಲೆ ಅಕ್ಕಿ ತೊಳೆದ ನೀರನ್ನು ಸೋಸಿ ತಂದು ಬುಡಕ್ಕೆ ಹೊಯ್ದಳು. ಮರುದಿನವೂ ಹೊಯ್ದಳು.

ಪಕ್ಕದ ಮನೆಯವಳು ನಕ್ಕಳು. “ಅಲ್ಲಕ್ಕಾ, ಅದು ಕಳ್ಳಿ, ಮನೆಗೆ ಬಂದ ಬೀಗರಲ್ಲ. ದಿನಾ ಇಷ್ಟೊಂದು ಉಪಚಾರ ಯಾಕೆ? ನೀರು ಬೇಡ ಅಂತ ಆ ಪುಣ್ಯಾತ್ಮ ಹೇಳಿರಲಿಲ್ಲವೇ?”

“ಹೇಳಿದ್ದ. ನೀರು ಹಾಕದಿದ್ದರೆ ಸಂಜೆ ನಾನೇನು ಮಾಡಲಿ?”



ಕಳ್ಳಿಯ ಸುಕ್ಕು ಹೋಯಿತು. ಮೈದುಂಬಿಕೊಂಡು ಹಸಿರಾಗಿ ಹೊಳೆಯಿತು. ಅವಳಿಗೂ ಸಮಾಧಾನವಾಯಿತು. ಬಿಸಿಲು ಬಲಿತ ಮೇಲೆ, ಮೊಗ್ಗೇನಾದರೂ ಬಂದಿದೆಯೇ ಎಂದು ನೋಡಲು ಕುಂಡವನ್ನು ಮೆಲ್ಲಗೆ ತಿರುಗಿಸಿದಳು. ಗಿಡ ವಾಲಿ ಅವಳ ಅಂಗೈಗೆ ಬಂತು. ಮೇಲೆಲ್ಲ ಹಸಿರೇ ಇತ್ತು. ಬೇರು ಎಂದೋ ಕೊಳೆತುಹೋಗಿತ್ತು.

ಕತೆ ಮುಗಿಯಿತು. “ಅಕ್ಕನನ್ನು ಅವಳ ಪಾಡಿಗೆ ಬಿಡುತ್ತೇನೆ ಗುರುಗಳೇ. ಅವಳು ಚೇತರಿಸಿಕೊಂಡರೆ ಸಾಕು” ಎಂದು ನೀಲಗಂಗೆ ಏಳಲು ಹೋದಳು.

ಗುರುಗಳು ಕೈಸನ್ನೆ ಮಾಡಿ ಅವಳನ್ನು ಕೂರಿಸಿದರು.

“ಅಕ್ಕನ ಮಾತಾಯಿತು, ಅವಳು ಬರುವ ಮೊದಲು ನಿನ್ನ ಸಂಜೆಗಳು ಹೇಗಿದ್ದವು, ಅದನ್ನು ಹೇಳಮ್ಮ.”